ಅಪ್ಪನ ಗೋಡೆಯ ಬಣ್ಣ ಯಾವ ಡಬ್ಬಿಯಲ್ಲೂ ಇಲ್ಲ!

ಸಿನಿಮಾ ಪತ್ರಿಕೆಯಲ್ಲಿ ಗೋಡೆ, ಸುಣ್ಣ, ಕುಂಚದ ಮಾತು ಯಾಕೆ ಎಂದು ಹುಬ್ಬೇರಿಸಬೇಡಿ, ಮಿತ್ರರೇ. ನಾವು ಸಿನಿಮಾ ಹುಚ್ಚರು ಬಣ್ಣದ ಹುಚ್ಚರೂ ಹೌದಲ್ಲವೆ? ತೆರೆಯ ಮೇಲೆ ಕಂಡ ಅಂಗಿಯ ಬಣ್ಣವೇ ಬೇಕೆಂದು ದರ್ಜಿಯ ಜೊತೆ ಜಗಳ ಕಾದವರು ನಾವು. ನಾಯಕಿ ಉಟ್ಟ ಸೀರೆಯ ಬಣ್ಣ ಅಕ್ಕನ ಮದುವೆಗೆ ಬೇಕೆಂದು ಅಂಗಡಿಯಿಂದ ಅಂಗಡಿಗೆ ಅಲೆದವರು ನಾವು. ನನ್ನ ಅಪ್ಪ ನಮಗಿಂತ ಒಂದು ಹೆಜ್ಜೆ ಮುಂದೆ ಹೋದ. ಸಿನಿಮಾದಲ್ಲಿ ಕಂಡ ಗೋಡೆಯ ಬಣ್ಣವನ್ನೇ ಮನೆಗೆ ತಂದುಬಿಟ್ಟ!

ಆ ಬಣ್ಣ ಹುಡುಕಿಕೊಂಡು ನಾನು ಮೂರು ಊರು ಅಲೆದ ಕಥೆ ಇದು. ಬಸ್ಸು ಬರುವ ತನಕ ಓದಿ ಮುಗಿಸಬಹುದು.

ಊರು ಗೋಕಾಕ. ಗೋಕಾಕ ಎಂದ ಕೂಡಲೇ ಕೆಲವರಿಗೆ ಕರದಂಟು ನೆನಪಾಗುತ್ತದೆ. ಕೆಲವರಿಗೆ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಜಲಪಾತ ನೆನಪಾಗುತ್ತದೆ. ನಮ್ಮಂಥ ಅಭಿಮಾನಿಗಳಿಗೆ ಮಾತ್ರ ಮೊದಲು ನೆನಪಾಗುವುದು 1982ರ ಗೋಕಾಕ ಚಳವಳಿ. ಅಣ್ಣಾವ್ರು ಕನ್ನಡಕ್ಕಾಗಿ ಬೀದಿಗಿಳಿದ ವರ್ಷ. ಆ ಹೆಸರು ಬಂದದ್ದು ಡಾ. ವಿ. ಕೃ. ಗೋಕಾಕರ ಸಮಿತಿ 1981ರಲ್ಲಿ ಕೊಟ್ಟ ವರದಿಯಿಂದ, ನಮ್ಮ ಊರಿನಿಂದಲ್ಲ ಎಂದು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. ಆಗ ಏಳು ವರ್ಷದ ಹುಡುಗ ನಾನು. ರಾಜಕುಮಾರ್ ನಮ್ಮ ಊರಿಗಾಗಿಯೇ ಹೋರಾಡುತ್ತಿದ್ದಾರೆಂದು ಓಣಿಯ ತುಂಬ ಎದೆಯುಬ್ಬಿಸಿ ತಿರುಗಿದ್ದೆ!

ನಮ್ಮ ಮನೆ ಹಳೆಯದು. ಕಟ್ಟೆ, ಪಡಸಾಲೆ, ಒಳಗೆ ಅಡಿಗೆಮನೆ. ಆ ಪಡಸಾಲೆಯ ಗೋಡೆಯ ಬಣ್ಣವಿತ್ತಲ್ಲ, ಅದನ್ನು ಹೇಗೆ ಹೇಳಲಿ? ಹಸಿರೆಂದರೆ ಹಸಿರಲ್ಲ, ನೀಲಿಯೆಂದರೆ ನೀಲಿಯಲ್ಲ. ಹೊಳೆಯ ತಿಳಿನೀರಿಗೆ ಒಂದು ಬಟ್ಟಲು ಹಾಲು ಸುರಿದ ಹಾಗೆ. ಬೇಸಿಗೆಯ ಮಧ್ಯಾಹ್ನ ಹೊರಗಿನಿಂದ ಬಂದು ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಜೀವ ತಂಪಾಗುತ್ತಿತ್ತು. "ರಾಜಕುಮಾರನ ಸಿನೆಮಾದಾಗ ನೋಡಿದ್ದು ಇದು. ಅದ ಬಣ್ಣ!" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಯಾವ ಚಿತ್ರ ಎಂದು ಕೇಳಿದರೆ ಮೀಸೆಯಲ್ಲೇ ನಗುತ್ತಿದ್ದ.

ಪ್ರತಿ ದೀಪಾವಳಿಗೆ ಮುಂಚೆ ಹುಕ್ಕೇರಿಯಿಂದ ಒಬ್ಬ ಪೇಂಟರ್ ಕಾಕಾ ಬರುತ್ತಿದ್ದರು. ನಸುಕಿನಲ್ಲಿ ಹಿತ್ತಲಿನಲ್ಲಿ ಕೂತು ಬಣ್ಣ ಕಲಸುತ್ತಿದ್ದರು. ಹುಡುಗರನ್ನು ಹತ್ತಿರ ಬಿಡುತ್ತಿರಲಿಲ್ಲ. ಒಮ್ಮೆ ಅವರ ಕಾಗದದ ಪೊಟ್ಟಣದಲ್ಲಿ ನೀಲಿ ಕಲ್ಲುಸಕ್ಕರೆ ಕಂಡಿತು. ಎಂಥ ನೀಲಿ ಅಂತೀರಿ! ಕೈ ಹಾಕಿದೆ. ಕಪಾಳಕ್ಕೆ ಬಿತ್ತು ಏಟು. ಅಪ್ಪನೂ ಎಂದೂ ಹಾಗೆ ಹೊಡೆದವನಲ್ಲ. ಆ ಏಟನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮುಂದೆ ಕೆಲಸಕ್ಕೆ ಬರುತ್ತದೆ.

2002ರ ದೀಪಾವಳಿಯೇ ಕೊನೆ. ಮರುವರ್ಷ ಅಪ್ಪ ಹೋದ. ಕಾಕಾ ಮತ್ತೆ ಬರಲಿಲ್ಲ. ಆಮೇಲೆ ಆ ಗೋಡೆಗೆ ಯಾರೂ ಕುಂಚ ಮುಟ್ಟಿಸಲಿಲ್ಲ.

ಎದೆಮಟ್ಟ ನೀರು

2019ರ ಆಗಸ್ಟ್. ಆ ತಿಂಗಳನ್ನು ಬೆಳಗಾವಿ ಜಿಲ್ಲೆಯವರು ಮರೆಯುವುದುಂಟೆ? ಘಟಪ್ರಭೆ, ಮಾರ್ಕಂಡೇಯ ಎರಡೂ ಒಟ್ಟಿಗೇ ಸೊಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದವು. ನಮ್ಮ ಪಡಸಾಲೆಯಲ್ಲಿ ಎದೆಮಟ್ಟ ನೀರು.

ನಾನು ಆಗ ಬೆಂಗಳೂರಿನಲ್ಲಿದ್ದೆ. ಸಣ್ಣದೊಂದು ನೌಕರಿ. ಮೂಡಲಗಿಯಲ್ಲಿರುವ ನನ್ನ ಅಣ್ಣ ಹೇಗೋ ಬಂದು ಮುಟ್ಟಿದ. ರಾತ್ರಿ ಅವ್ವನನ್ನು ಬೆನ್ನ ಮೇಲೆ ಹೊತ್ತುಕೊಂಡು ಆ ನೀರಿನಲ್ಲಿ ಹೊರಗೆ ನಡೆದ. ನಾನು ಊರಿಗೆ ಬಂದದ್ದು ಹನ್ನೊಂದನೇ ದಿನ. ರಸ್ತೆ ಬಂದಾಗಿತ್ತು ಎಂದೆ. ಅದು ನಿಜ. ಆದರೆ ಹನ್ನೊಂದೂ ದಿನ ಬಂದಾಗಿರಲಿಲ್ಲ ಎಂಬುದೂ ನಿಜ. ರಜೆ ಕೇಳಲು ಅಂಜಿದ್ದೆ. ನೀರು ಇಳಿದ ಮೇಲೆ ಹೋದರಾಯಿತು, ಅಣ್ಣ ಇದ್ದಾನಲ್ಲ, ಎಂದು ಒಳಗೇ ಲೆಕ್ಕ ಹಾಕಿದ್ದೆ.

ಬಂದವನು ಮಾಡಿದ್ದೇನು? ಹೊಸ್ತಿಲಲ್ಲಿ ನಿಂತು ಕೆಸರು ನೋಡಿ, ಗೋಡೆ ನೋಡಿ, "ಅಯ್ಯೋ, ಅಪ್ಪನ ಬಣ್ಣ ಹೋತಲ್ಲೋ" ಎಂದೆ. ಅಣ್ಣ ಸಲಿಕೆಯಿಂದ ಕೆಸರು ಎತ್ತುತ್ತಿದ್ದವನು ತಲೆಯೆತ್ತಿ ನೋಡಿದ. "ನಿನಗ ಮನಿ ಬೇಕು, ಮನ್ಯಾಗಿನ ಮಂದಿ ಬ್ಯಾಡ" ಎಂದ. ಅಷ್ಟೇ. ಆ ಮೇಲೆ ನಾಲ್ಕು ವರ್ಷ ನಾವಿಬ್ಬರೂ ಮಾತಾಡಿದ್ದು "ಅವ್ವಗ ಫೋನ್ ಕೊಡು" ಎಂಬಷ್ಟೇ.

ಕೆಳಗಿನ ಗಿಲಾವ ಪೂರಾ ಕೊಳೆತು ಬಿದ್ದಿತ್ತು. ಅಣ್ಣನೇ ಖರ್ಚು ಹಾಕಿ ಗೌಂಡಿಯಿಂದ ಸಿಮೆಂಟಿನ ಗಿಲಾವ ಮಾಡಿಸಿದ. ಎದೆಯ ಮಟ್ಟದಿಂದ ಕೆಳಗೆ ಬೂದು ಸಿಮೆಂಟು, ಮೇಲೆ ಅಪ್ಪನ ಬಣ್ಣ. ನಡುವೆ ಹೊಳೆ ಎಳೆದ ಗೆರೆ. ಹಾಗೆಯೇ ನಿಂತಿತು ಗೋಡೆ.

2023ರಲ್ಲಿ ಅಣ್ಣನ ಮಗಳ ಮದುವೆ ಗೊತ್ತಾಯಿತು. ದೇವರ ಕಾರ್ಯ ಹಳೆಯ ಮನೆಯಲ್ಲೇ ಆಗಬೇಕು ಎಂದಳು ಅವ್ವ. ಗೋಡೆ ಎರಡು ಬಣ್ಣ ಇರಬಾರದು, ಮತ್ತು ಬಣ್ಣ ಅದೇ ಇರಬೇಕು ಎಂದೂ ಹೇಳಿದಳು. "ಯಾವುದರ ಡಿಸ್ಟೆಂಪರ್ ಹೊಡಸ್ರಿ, ಮುಗೀತು" ಎಂದು ಅಣ್ಣ. ನಾನು ಹತ್ತು ದಿನ ರಜೆ ಹಾಕಿ ಬಂದೆ. ಈ ಸಲ ಕೇಳಲು ಅಂಜಲಿಲ್ಲ. ಬಣ್ಣದ ಜವಾಬ್ದಾರಿ ನನ್ನದು ಎಂದೆ.

ಮಿಷನ್ನಿನ ಕಣ್ಣು

ಗೋಕಾಕದ ಬಣ್ಣದ ಅಂಗಡಿಗಳಲ್ಲಿ ಈಗ ಬಣ್ಣ ಕೂಡಿಸುವ ಮಿಷನ್ ಇದೆ. ಹಳೆಯ ಗೋಡೆಯ ಒಂದು ಚೂರು ಕೊಟ್ಟರೆ ಸಾಕು. ಸಣ್ಣ ಯಂತ್ರವೊಂದು ಅದರ ಮೇಲೆ ಬೆಳಕು ಬಿಟ್ಟು, ಕೆಂಪಿನಿಂದ ನೇರಳೆಯವರೆಗೆ ಯಾವ ಬೆಳಕು ಎಷ್ಟು ತಿರುಗಿ ಬಂತು ಎಂದು ಅಳೆಯುತ್ತದೆ. ಕಂಪ್ಯೂಟರ್ ಲೆಕ್ಕ ಹಾಕಿ, ಬಿಳಿಯ ಬಣ್ಣಕ್ಕೆ ಯಾವ ಬಣ್ಣ ಎಷ್ಟು ಹನಿ ಎಂದು ಹೇಳುತ್ತದೆ. ಡಬ್ಬಿ ಗರಗರ ತಿರುಗಿ ಬಣ್ಣ ತಯಾರು!

ಚೂರನ್ನು ಎಲ್ಲಿಂದ ತೆಗೆಯಬೇಕು ಎಂಬುದನ್ನು ಅಂಗಡಿಯವರೇ ಕಲಿಸಿದರು. ಬಿಸಿಲು, ಹೊಗೆ ತಿಂದ ಜಾಗದಿಂದ ತೆಗೆದರೆ ಮುದುಕನ ಮುಖ ನೋಡಿ ಹುಡುಗನ ಚಿತ್ರ ಬರೆದಂತೆ. ಸ್ವಿಚ್ ಬೋರ್ಡಿನ ಹಿಂದೆ, ಫೋಟೋದ ಹಿಂದೆ, ಬಾಗಿಲ ಸಂದಿಯಲ್ಲಿ ಹಳೆಯ ಬಣ್ಣ ತಾಜಾ ಇರುತ್ತದೆ. ನಮ್ಮ ಪಡಸಾಲೆಯಲ್ಲಿ ಗೆರೆಯಿಂದ ಮೇಲೆ ಅಣ್ಣಾವ್ರ ಫೋಟೋ ಇದೆ. ಅಪ್ಪ ಕಟ್ಟು ಹಾಕಿಸಿದ್ದು. ಅದನ್ನು ಇಳಿಸಿದೆ. ಹಿಂದೆ ಒಂದು ಚೌಕ, ಅಪ್ಪ ಇದ್ದಾಗಿನ ಹಾಗೆಯೇ! ನಿಂತು ನೋಡಿದೆ. ನಂತರ ರೂಪಾಯಿಯಷ್ಟು ದೊಡ್ಡ ಚೂರನ್ನು ಚಾಕುವಿನಿಂದ ಎಬ್ಬಿಸಿದೆ.

ಬಾಗಿಲಿನ ಹಳೆಯ ಹಸಿರು ಎಣ್ಣೆಬಣ್ಣದ ಚೂರನ್ನೂ ಒಯ್ದಿದ್ದೆ. ಅಂಗಡಿಯವರು ಅದನ್ನು ದೂರ ಸರಿಸಿದರು. "ಇದನ್ನ ಒಣದರಾಗ ತಿಕ್ಕಬ್ಯಾಡ್ರಿ. ಹಿಂದಿನ ಹಳದಿ, ಹಸಿರಿನ್ಯಾಗ ಸೀಸ ಇರತಿತ್ತು" ಎಂದರು. ನಿಜ. ಆ ಕಾಲದ ಝಗಝಗಿಸುವ ಹಳದಿ ಎಂದರೆ ಸೀಸದ ಕ್ರೋಮೇಟು. ಅದಕ್ಕೆ ನೀಲಿ ಕೂಡಿಸಿದರೆ ಹಸಿರು. ಮನೆಗೆ ಹಚ್ಚುವ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದು ಎಂದು 2016ರಲ್ಲಿ ಸರಕಾರ ನಿಯಮ ಮಾಡಿ, 2017ರಿಂದ ಜಾರಿಗೆ ತಂದಿತು. ಹಳೆಯ ಬಣ್ಣಗಳು ಎಷ್ಟೋ ಸಲ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಬಣ್ಣದ ಹೆಸರು ಮಾತ್ರ ಹೋದದ್ದಲ್ಲ, ಒಳಗಿನ ಸರಕೇ ಹೋಗಿದೆ. ನಿಮ್ಮ ಮನೆಯಲ್ಲೂ ಅಂಥ ಬಾಗಿಲಿದ್ದರೆ ನೀರು ಹಾಕಿ ತಿಕ್ಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ದೂರವಿಡಿ.

ಗೋಡೆಯ ಚೂರು ಮಿಷನ್ನಿಗೆ ಹೋಯಿತು. ಡಬ್ಬಿ ಬಂತು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದರೆ ಅವಳಿ-ಜವಳಿ! ಕುಣಿಯುತ್ತ ಮನೆಗೆ ಬಂದು ಒಂದು ಮೊಳ ಹಚ್ಚಿದೆ. ಬಾಗಿಲು ತೆರೆದು ಬಿಸಿಲು ಬಿತ್ತು ನೋಡಿ, ಹೊಸದು ಬೇರೆ, ಹಳೆಯದು ಬೇರೆ! ಎರಡು ಬಣ್ಣಗಳ ಒಳಗಿನ ಸರಕು ಬೇರೆಯಾಗಿದ್ದರೆ ಹೀಗಾಗುತ್ತದಂತೆ. ಒಂದು ಬೆಳಕಿನಲ್ಲಿ ಒಂದೇ ಕಾಣುತ್ತವೆ, ಇನ್ನೊಂದು ಬೆಳಕಿನಲ್ಲಿ ಮುಖ ತಿರುಗಿಸುತ್ತವೆ. ಡಬಲ್ ಆಕ್ಟಿಂಗ್ ಇದ್ದ ಹಾಗೆ. ಹಿನ್ನೆಲೆ ಬದಲಾದ ಕೂಡಲೇ ಇವನು ತಮ್ಮ, ಅವನು ಅಣ್ಣ ಎಂದು ಗೊತ್ತಾಗಿಬಿಡುತ್ತದೆ.

ಎರಡನೆಯ ಡಬ್ಬಿ ತಂದೆ. ಮೂರನೆಯದೂ ತಂದೆ. ಮೂರನೆಯದು ಬಿಸಿಲಿನಲ್ಲೂ ಹತ್ತಿರ ಬಂತು. ಅವ್ವನನ್ನು ಕರೆದೆ.

ಅವ್ವ ಕಣ್ಣಿನಿಂದ ನೋಡಲೇ ಇಲ್ಲ, ಮಿತ್ರರೇ. ಅಂಗೈಯಿಂದ ಗೋಡೆ ಸವರಿದಳು. ಅಂಗೈ ತಿರುಗಿಸಿ ನೋಡಿಕೊಂಡಳು. "ಅಲ್ಲ" ಎಂದಳು.

"ಯಾಕವ್ವಾ? ಹಂಗ ಐತೆಲ್ಲ?"

"ಇದು ಕೈಗೆ ಹತ್ತೂದುಲ್ಲ" ಎಂದಳು ಅವ್ವ. "ಅದು ಹತ್ತತಿತ್ತು."

ಹೌದಲ್ಲ! ಸಣ್ಣವನಿದ್ದಾಗ ಅವ್ವನ ಸೀರೆಯ ಬೆನ್ನಿಗೆ, ನನ್ನ ಅಂಗಿಯ ಬೆನ್ನಿಗೆ ಸದಾ ಆ ಬಣ್ಣದ ಪುಡಿ ಇರುತ್ತಿತ್ತು. ಶಾಲೆಯಲ್ಲಿ ಹುಡುಗರು ನಗುತ್ತಿದ್ದರು. ನನ್ನ ಕಣ್ಣಿಗೂ ಮಿಷನ್ನಿನ ಕಣ್ಣಿಗೂ ಹತ್ತದ್ದು ಅವ್ವನ ಅಂಗೈಗೆ ಗೊತ್ತಿತ್ತು. ಆದರೆ ಅದರ ಅರ್ಥವೇನೆಂದು ನನಗಿನ್ನೂ ಹೊಳೆದಿರಲಿಲ್ಲ.

ಸಿನಿಮಾದಲ್ಲೇ ಹುಡುಕಿದರೆ?

ಆ ರಾತ್ರಿ ಬೇರೊಂದು ದಾರಿ ಹೊಳೆಯಿತು. ಅಪ್ಪ ಬಣ್ಣ ನೋಡಿದ್ದು ಸಿನಿಮಾದಲ್ಲಿ. ಮೂಲವನ್ನೇ ಹಿಡಿದರಾಯಿತಲ್ಲ! ಮೊಬೈಲಿನಲ್ಲಿ ಹಳೆಯ ಬಣ್ಣದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಕೂತೆ. ಕನ್ನಡಕ್ಕೆ ಪೂರ್ಣ ಬಣ್ಣ ಬಂದದ್ದು 1964ರ 'ಅಮರಶಿಲ್ಪಿ ಜಕಣಾಚಾರಿ'ಯಿಂದ. 1970ರಲ್ಲಿ 'ಶ್ರೀ ಕೃಷ್ಣದೇವರಾಯ', 1972ರಲ್ಲಿ 'ಬಂಗಾರದ ಮನುಷ್ಯ'. ಆಗ ಈಸ್ಟ್‌ಮನ್ ಕಲರ್ ಎಂಬ ಎರಡು ಶಬ್ದ ಪೋಸ್ಟರಿನಲ್ಲಿದ್ದರೆ ಟಾಕೀಸಿನ ಮುಂದೆ ಜಾತ್ರೆ!

ಆದರೆ ನೋಡಿ ತಮಾಷೆ. ಆ ಕಾಲದ ಎಷ್ಟೋ ಪ್ರಿಂಟುಗಳು ಈಗ ಕೆಂಪಡರಿವೆ. ಆಕಾಶ ಗುಲಾಬಿ, ಗಿಡ ಕಂದು. ಫಿಲ್ಮಿನಲ್ಲಿ ಇರುವುದು ಮೂರು ಬಣ್ಣ: ಹಳದಿ, ಗುಲಾಬಿ ಕೆಂಪು, ಹಸಿರು ಬೆರೆತ ನೀಲಿ. ಡಬ್ಬಿಯಲ್ಲಿ ಮುಚ್ಚಿಟ್ಟ ಹಳೆಯ ಈಸ್ಟ್‌ಮನ್ ಪ್ರಿಂಟಿನಲ್ಲಿ ಎಲ್ಲಕ್ಕಿಂತ ಮೊದಲು ಓಡಿಹೋಗುವುದು ಯಾವುದು ಬಲ್ಲಿರಾ? ಆ ಹಸಿರು-ನೀಲಿಯೇ! ನಾನು ಹುಡುಕುತ್ತಿದ್ದ ಬಣ್ಣದ ಅಣ್ಣತಮ್ಮನೇ ಮನೆ ಬಿಟ್ಟು ಹೋಗಿದ್ದ. ತೆರೆಯ ಮೇಲೂ ಇಲ್ಲ, ಗೋಡೆಯ ಮೇಲೂ ಇಲ್ಲ.

ಮೂಡಲಗಿಯಲ್ಲಿ ಒಂದು ಕಪ್ ಚಹಾ

ನಾಲ್ಕನೆಯ ದಿನ ಮೂಡಲಗಿಯ ಬಸ್ಸು ಹತ್ತಿದೆ. ಮೊದಲು ನಮ್ಮ ಗೋಕಾಕ ತಾಲ್ಲೂಕಿನಲ್ಲೇ ಇದ್ದ ಊರು, ಈಗ ಅದೇ ಒಂದು ತಾಲ್ಲೂಕು. ಅಲ್ಲಿಯ ಅಂಗಡಿಯೊಂದರಲ್ಲಿ ಹಳೆಯ ಶೇಡ್ ಕಾರ್ಡುಗಳಿವೆ ಎಂದು ಯಾರೋ ಹೇಳಿದ್ದರು. ಅದು ನೆಪ. ಅಣ್ಣನ ಮನೆಗೆ ಹೋಗಲು ನನಗೊಂದು ನೆಪ ಬೇಕಿತ್ತು.

ಹಳೆಯ ಕಾರ್ಡುಗಳೇನೋ ಸಿಕ್ಕವು. ಮೇಲೆ ಕುಂಚ ಹಿಡಿದ ಪೋರ ಗಟ್ಟು ನಗುತ್ತಿದ್ದ. ಮೈಸೂರಿನ ಆರ್. ಕೆ. ಲಕ್ಷ್ಮಣ್ 1954ರಲ್ಲಿ ಬರೆದ ಹುಡುಗ. ಕಾರ್ಡಿನ ಬಣ್ಣಗಳು ಅವನಷ್ಟು ತಾಜಾ ಉಳಿದಿರಲಿಲ್ಲ. ಕಾಗದವೇ ಹಳದಿಯಾದ ಮೇಲೆ ಅದರ ಮೇಲಿನ ನೀಲಿಯನ್ನು ನಂಬುವುದು ಹೇಗೆ?

ಅಣ್ಣನ ಮನೆಯಲ್ಲಿ ವೈನಿ ಚಹಾ ಕೊಟ್ಟರು. ಅಣ್ಣ ಎದುರಿಗೆ ಕೂತ, ಗೋಡೆಯ ಕಡೆ ಮುಖ ಮಾಡಿ. ನಾನು ಚೀಲದಿಂದ ಚೂರು, ಕಾರ್ಡು, ಮೂರು ಡಬ್ಬಿಯ ಮುಚ್ಚಳ ತೆಗೆದು ಇಟ್ಟೆ. ಅವನು ನೋಡಲಿಲ್ಲ.

"ಎಷ್ಟು ಖರ್ಚ ಮಾಡಿದಿ ಇದಕ್ಕ?" ಎಂದ.

ಹೇಳಿದೆ.

"ಆ ದಿನ ಬಸ್ ಚಾರ್ಜ ಇದಕ್ಕಿಂತ ಕಡಿಮಿ ಇತ್ತು" ಎಂದ.

ಏನು ಹೇಳಲಿ? ಸಿನಿಮಾದಲ್ಲಾಗಿದ್ದರೆ ಕಾಲಿಗೆ ಬೀಳುವ ಸೀನು. ಹಿನ್ನೆಲೆಯಲ್ಲಿ ಪಿಟೀಲು. ನನಗೆ ಕಾಲು ಏಳಲಿಲ್ಲ. "ಅಂಜಿದೆ ಅಣ್ಣಾ. ರಸ್ತಾ ಬಂದ್ ಅಂದದ್ದು ಅರ್ಧಾ ಸುಳ್ಳು" ಎಂದೆ. ಜೀವನದಲ್ಲಿ ಮೊದಲ ಸಲ ಹೇಳಿದೆ. ಅವನು ಚಹಾ ಮುಗಿಸುವ ತನಕ ಮಾತಾಡಲಿಲ್ಲ. ಬಟ್ಟಲು ಕೆಳಗಿಟ್ಟು ಆ ಮುಚ್ಚಳಗಳನ್ನು ಕಾಲಿನಿಂದ ಸರಿಸಿದ.

"ಡಬ್ಬಿ ಎಲ್ಲಿ ನೋಡಿದಿ ನೀ?" ಎಂದ. "ನಮ್ಮ ಮನಿಗಿ ಎಂದರ ಡಬ್ಬಿ ಬಂದಿತ್ತೇನು? ಕಾಕಾ ಮಣ್ಣಿನ ಗಡಿಗ್ಯಾಗ ಕಲಸ್ತಿದ್ದ. ಅಪ್ಪ ಕಬ್ಬಿಣದ ಬಕೀಟ ಕೊಟ್ಟರ ಒದರತಿದ್ದ. ಮರತಿ? ಹುಕ್ಕೇರಿಗಿ ಹೋಗು. ಮುದುಕ ಇದ್ದರ ಇರತಾನ."

ನಾಲ್ಕು ವರ್ಷದಲ್ಲಿ ಅವನು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ಹುಕ್ಕೇರಿಯ ಗುಟ್ಟು

ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಅವುಗಳ ಹತ್ತಿರದ ಓಣಿ ಎಂದಷ್ಟೇ ಅವ್ವನಿಗೆ ನೆನಪು. ಕೇಳುತ್ತ ಹೋದೆ. ಮೂರನೆಯ ಮನೆಯಲ್ಲಿ ಸಿಕ್ಕರು. ಎಂಬತ್ತು ದಾಟಿದ ಜೀವ. ಬೆರಳುಗಳು ಸುಣ್ಣ ತಿಂದು ತಿಂದು ಬೆಳ್ಳಗಾಗಿದ್ದವು. ಗೋಕಾಕದ ಮನೆ, ಅಪ್ಪನ ಹೆಸರು ಹೇಳಿದೆ. ನನ್ನ ಕೆನ್ನೆ ನೋಡಿದರು.

"ನೀ ಮೈಲುತುತ್ತ ತಿನ್ನಾಕ ಹೋದಾವನೋ, ನಿಮ್ಮಣ್ಣನೋ?" ಎಂದರು.

ಮೈಲುತುತ್ತ! ಆ ನೀಲಿ ಕಲ್ಲುಸಕ್ಕರೆ! ಆ ಏಟು!

ಗುಟ್ಟು ಇಷ್ಟೇ. ಸುಣ್ಣದ ಹಾಲಿಗೆ ಮೈಲುತುತ್ತದ ನೀರು ಬಿಟ್ಟರೆ ಆ ಹಸಿರು-ನೀಲಿ ತಾನಾಗಿ ಹುಟ್ಟುತ್ತದೆ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ, ನಮ್ಮ ಕಡೆ ದ್ರಾಕ್ಷಿಯ ಪಡಗಳಿಗೆ ಹೊಡೆಯುವ ಬೋರ್ಡೊ ಔಷಧವೂ ಇದೇ. 100 ಲೀಟರ್ ನೀರಿಗೆ 1 ಕಿಲೋ ತುತ್ತ, 1 ಕಿಲೋ ಸುಣ್ಣ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೊ ಸೀಮೆಯ ರೈತರು ಕಳ್ಳರು ದ್ರಾಕ್ಷಿ ಕದಿಯದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಇದನ್ನು ಎರಚಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲಲಿಲ್ಲ. ಅಲ್ಲಿಂದ ಶುರು. ಗೋಡೆಗೆ ಹಚ್ಚುವಾಗ ಸುಣ್ಣ ಬಹಳ, ತುತ್ತ ಸ್ವಲ್ಪ. ಕಾಕಾ ಅದಕ್ಕೆ ಒಂದು ಚಿಟಿಕೆ ಹಳದಿ ಮಣ್ಣನ್ನೂ, ಹಿಡಿದುಕೊಳ್ಳಲೆಂದು ಅಕ್ಕಿಯ ಗಂಜಿಯನ್ನೂ ಹಾಕುತ್ತಿದ್ದರು. ಕಬ್ಬಿಣದ ಬಕೀಟು ಯಾಕೆ ಬೇಡ? ತುತ್ತದೊಳಗಿನ ತಾಮ್ರ ಕಬ್ಬಿಣಕ್ಕೆ ಹತ್ತಿಕೊಂಡು ಬಣ್ಣ ಕೆಡುತ್ತದೆ, ಅದಕ್ಕೆ. ಹುಡುಗರು ಯಾಕೆ ದೂರ? ತುತ್ತ ವಿಷ, ಅದಕ್ಕೆ. ನನ್ನ ಮೂವತ್ತೇಳು ವರ್ಷದ ಸಿಟ್ಟು ಅಲ್ಲೇ ಇಳಿಯಿತು.

ಅಂದ ಮೇಲೆ ಮಿಷನ್ನಿನ ತಪ್ಪೇನು? ಡಬ್ಬಿಯಲ್ಲಿ ಎಂದೂ ಇಲ್ಲದ ಬಣ್ಣವನ್ನು ಡಬ್ಬಿಯಲ್ಲಿ ಹುಡುಕಿದ ತಪ್ಪು ನನ್ನದು.

"ಕಾಕಾ, ಅಪ್ಪ ನೋಡಿದ್ದು ಯಾವ ಸಿನೆಮಾ?" ಎಂದೆ.

ಅವರು ಕೆಮ್ಮು ಬರುವ ತನಕ ನಕ್ಕರು. "ಹೆಸರು ನೆನಪಿಲ್ಲೋ ತಮ್ಮಾ. ರಾಜಕುಮಾರ ಇದ್ದ. ನಿಮ್ಮಪ್ಪನ ಕೂಡ ನಾನೂ ಕುಂತು ನೋಡೀನಿ. ಕಪ್ಪು-ಬಿಳುಪು ಸಿನೆಮಾ ಅದು!"

ನಾನು ಬಾಯಿ ತೆರೆದುಕೊಂಡು ಕೂತೆ.

"ಹೊರಗ ಬಂದಾಂವ, ಆ ಗ್ವಾಡಿ ಬಣ್ಣ ನೋಡಿದೇನು ಅಂದ. ಯಾ ಬಣ್ಣ ಅಂದ್ನಿ. ತಣ್ಣಗ, ಹೊಳಿ ನೀರಿನ ಹಂಗ ಇತ್ತಲ್ಲ ಅಂದ. ಅವಗ ಹಂಗ ಕಂಡಿತ್ತು. ನಾ ಏನ ಹೇಳಲಿ? ಮಾಡಿಕೊಟ್ಟೆ."

ನಾವು 2008ರಲ್ಲಿ 'ಸತ್ಯ ಹರಿಶ್ಚಂದ್ರ'ವನ್ನು ಬಣ್ಣದಲ್ಲಿ ನೋಡಿದೆವು. ಮೂಲ 1965ರದು, ಕಪ್ಪು-ಬಿಳುಪು. 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತೊಟ್ಟು ಬಂದಾಗ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಶಿಳ್ಳೆ ಹೊಡೆದವರೂ ಇದ್ದಾರೆ. ಕಂಪ್ಯೂಟರಿನ ಮುಂದೆ ಕೂತವರು ಬೂದು ಬಣ್ಣ ನೋಡಿ, ಇದು ಹೀಗಿತ್ತು ಎಂದು ತೀರ್ಮಾನಿಸಿ ತುಂಬಿದರು. ಆ ಕೆಲಸವನ್ನು ನನ್ನ ಅಪ್ಪ ಎಷ್ಟು ವರ್ಷ ಮೊದಲೇ ಗೋಕಾಕದ ಟಾಕೀಸಿನ ಬೆಂಚಿನ ಮೇಲೆ ಕೂತು, ಒಂದು ಬೀಡಿಯ ಖರ್ಚಿನಲ್ಲಿ ಮಾಡಿ ಮುಗಿಸಿದ್ದ!

ಕೊನೆಗೆ ಚೂರು ತೋರಿಸಿ ಕೇಳಿದೆ. "ಬರೋಬ್ಬರಿ ಹಿಂಗ ಬರಬೇಕು ಕಾಕಾ. ತುತ್ತ ಎಷ್ಟು, ಸುಣ್ಣ ಎಷ್ಟು?"

"ಯಾ ವರ್ಷದ್ದು ಬೇಕು ನಿನಗ?" ಎಂದರು ಕಾಕಾ. "ಮುಷ್ಟಿಲೆ ಹಾಕತಿದ್ದೆ. ಒಂದ ವರ್ಷ ಹಸರ, ಒಂದ ವರ್ಷ ನೀಲಿ. ಎಂದೂ ಒಂದ ಬಂದಿಲ್ಲ. ನಿಮ್ಮಪ್ಪ ಮಾತ್ರ ಪ್ರತಿ ವರ್ಷ ನೋಡಿ, ಹಾಂ, ಅದ ಬಣ್ಣ, ಅಂತಿದ್ದ. ಹೊಂದಸೂದು ಯಾಕ? ಮ್ಯಾಲ ಕೆಳಗ ಕೂಡೇ ಒಂದ ಕೈ ಎಳೀರಿ. ಗ್ವಾಡಿ ಒಂದ ಆಗತೈತಿ."

ಮತ್ತೆ ಕುಂಚ

ತಿರುಗಿ ಬರುವಾಗ ಅಣ್ಣನಿಗೆ ಫೋನ್ ಮಾಡಿದೆ. ಸುಣ್ಣದ ಹರಳು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಮರುದಿನ ನಸುಕಿನಲ್ಲಿ ಅವನೇ ಚೀಲ ಹೊತ್ತುಕೊಂಡು ಬಂದ.

ಡಬ್ಬಿಯ ಬಣ್ಣ ಹಚ್ಚಿದ್ದ ಜಾಗವನ್ನು ನಾನು ಮೊದಲು ಕೆರೆದು ತೆಗೆಯಬೇಕಾಯಿತು. ಅಂಥ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಹರಳನ್ನು ನೀರಿಗೆ ಹಾಕಿದರೆ ಅನ್ನದ ಎಸರಿನಂತೆ ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು, ಹುಷಾರು. ಒಂದು ರಾತ್ರಿ ನೆನೆಸಿ, ಅವ್ವನ ಹಳೆಯ ಸೀರೆಯಲ್ಲಿ ಸೋಸಿದೆವು. ಗಡಿಗೆಯಲ್ಲಿ ತುತ್ತದ ನೀರು ಬಿಟ್ಟಾಗ ಬಿಳಿಯ ಹಾಲಿನೊಳಗೆ ಆ ಬಣ್ಣ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಇಬ್ಬರೂ ಬಗ್ಗಿ ನೋಡಿದೆವು. ಐವತ್ತರ ಹತ್ತಿರದ ಇಬ್ಬರು ಗಂಡಸರು, ಹಿತ್ತಲಿನಲ್ಲಿ ಕುಕ್ಕರಗಾಲಿನಲ್ಲಿ! ಕಾಕಾ ಹೇಳಿದ ಪರೀಕ್ಷೆಯನ್ನೂ ಮಾಡಿದೆವು. ಒಂದು ಮೊಳೆಯನ್ನು ಅದ್ದಿ ತೆಗೆದೆವು. ಮೊಳೆಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಹತ್ತಲಿಲ್ಲ.

ಗೋಡೆಗೆ ನೀರು ಚಿಮುಕಿಸಿ ಒಂದು ಕೈ ಎಳೆದೆವು. ಏನೂ ಕಾಣಲಿಲ್ಲ! ಬೂದು ಸಿಮೆಂಟು ಹಾಗೆಯೇ ಇಣುಕುತ್ತಿತ್ತು. ನನ್ನ ಜೀವ ಹಾರಿತು. "ಸುಣ್ಣ ಹಸಿ ಇದ್ದಾಗ ಕಾಣೂದುಲ್ಲೋ, ಆರಲಿ" ಎಂದ ಅಣ್ಣ. ಸಂಜೆಗೆ ಆರಿತು. ಮರುದಿನ ಎರಡನೆಯ ಕೈ, ಅದರ ಮರುದಿನ ಮೂರನೆಯದು. ಹೊಳೆ ಎಳೆದ ಗೆರೆ ಎಲ್ಲಿತ್ತೆಂದು ನಾವೇ ಹುಡುಕಬೇಕಾಯಿತು.

ಅಣ್ಣಾವ್ರ ಫೋಟೋದ ಹಿಂದಿನ ಚೌಕವನ್ನು ಮಾತ್ರ ಹಚ್ಚದೆ ಬಿಟ್ಟೆವು. ಅಣ್ಣನೇ ಕುಂಚ ಅಲ್ಲಿಗೆ ಬಂದಾಗ ನಿಲ್ಲಿಸಿದ. ಹೊಸ ಬಣ್ಣದ ಪಕ್ಕದಲ್ಲಿ ಅದನ್ನು ನೋಡಿದರೆ ಬೇರೆಯೇ. ಹೊಸದು ಒಂದು ತೂಕ ಹೆಚ್ಚು ನೀಲಿ. ಫೋಟೋ ಮತ್ತೆ ಏರಿಸಿದೆವು.

ಅವ್ವ ಬಂದು ಗೋಡೆ ಸವರಿದಳು. ಅಂಗೈ ತಿರುಗಿಸಿ ನೋಡಿದಳು. ಪುಡಿ ಹತ್ತಿತ್ತು.

"ಹಾಂ, ಅದ ಬಣ್ಣ" ಎಂದಳು.

ಮದುವೆ ಚೆನ್ನಾಗಿ ಆಯಿತು. ಬೀಗರ ರೇಷ್ಮೆ ಸೀರೆಗಳ ಬೆನ್ನಿಗೆಲ್ಲ ನಮ್ಮ ಗೋಡೆ ಹತ್ತಿಕೊಂಡು ಹೋಯಿತು. ಅಣ್ಣ ಮರ್ಯಾದೆ ಹೋಯಿತೆಂದು ಹಣೆ ಬಡಿದುಕೊಂಡ, ನಾನು ನಕ್ಕೆ, ಅವನೂ ನಕ್ಕ.

ಸುಣ್ಣದ ಬಣ್ಣಕ್ಕೆ ಒಂದು ದೋಷವಿದೆ, ಮಿತ್ರರೇ. ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ಮಾಡುವ, 1962ರ ಚುನಾವಣೆಯಿಂದ ದೇಶದ ಬೆರಳಿಗೆ ಹತ್ತಿಕೊಂಡು ಬಂದ ಶಾಯಿಯ ಹಾಗೆ ಅಲ್ಲ ಇದು. ಉದುರುತ್ತದೆ. ಪ್ರತಿ ವರ್ಷ ಹಚ್ಚಬೇಕು. ಡಬ್ಬಿಯದನ್ನು ಹೊಡೆಸಿದ್ದರೆ ಹತ್ತು ವರ್ಷ ಈ ಕಡೆ ತಿರುಗಿ ನೋಡುವ ಕಾರಣವಿರಲಿಲ್ಲ.

ಬೆಂಗಳೂರಿಗೆ ಹೊರಟ ದಿನ ಅಣ್ಣ ಬಸ್‌ಸ್ಟ್ಯಾಂಡಿನ ತನಕ ಬಂದ. ಬಸ್ಸು ಬಿಡುವ ಹೊತ್ತಿಗೆ ಕಿಟಕಿಯ ಹತ್ತಿರ ನಿಂತು, ಬೇರೆ ಕಡೆ ನೋಡುತ್ತ ಹೇಳಿದ:

"ದೀಪಾವಳಿಗಿ ನಾಕ ದಿನಾ ಮುಂಚೇನ ಬಾ. ಸುಣ್ಣ ನಾ ತರತೀನಿ. ತುತ್ತ ನೀ ತಾ."

ಅಂದಿನಿಂದ ಒಂದು ದೀಪಾವಳಿಯನ್ನೂ ತಪ್ಪಿಸಿಲ್ಲ. ಪ್ರತಿ ವರ್ಷ ಬಣ್ಣ ಬೇರೆ ಬರುತ್ತದೆ.